ಟಿಕಳಿ ಹಚ್ಚಿದ ಕ್ಯಾಲೆಂಡರು

ಎಕ್ಕೆಗೊಂದಿಯ ಆಶಾ ಕಾರ್ಯಕರ್ತೆ ಮಂಜವ್ವ ಯಾರನ್ನೂ ನಂಬುವ ಪೈಕಿಯಲ್ಲ. ಊರಿನವರು ಈ ಮಾತನ್ನು ಅವಳ ಬೆನ್ನ ಹಿಂದೆ ಆಡುವುದಿಲ್ಲ, ಎದುರಿಗೇ ಆಡುತ್ತಾರೆ. ಅವಳೂ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಾಳೆ. ಹಾಲಿನವಳು ಸುರಿದ ಹಾಲಿಗೆ ಬೆರಳು ಅದ್ದಿ, ಹನಿ ಹೇಗೆ ಜಾರುತ್ತದೆ ನೋಡಿದ ಮೇಲೆಯೇ ಪಾತ್ರೆ ಒಳಗೆ ಹೋಗುವುದು. ಮುಂಡರಗಿ ಬಸ್ಸಿನಲ್ಲಿ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೀಟನ್ನೂ ಎರಡು ಸಲ ಓದಿ, ಮಡಚಿ, ಊರು ಮುಟ್ಟುವ ತನಕ ಮುಷ್ಟಿಯಲ್ಲಿ ಹಿಡಿದಿರುತ್ತಾಳೆ. ಪುಕ್ಕಟೆ ಕೊಟ್ಟದ್ದರ ಮೇಲೆಯೇ ಹೆಚ್ಚು ಅನುಮಾನ ಪಡಬೇಕು ಎಂಬುದು ಅವಳ ಮತ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲವಷ್ಟೆ.

ಈ ಗುಣ ಅವಳಿಗೆ ಹತ್ತಿದ್ದು ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ. ಅವಳ ಅವ್ವ ಅಲ್ಲಿ ಒಬ್ಬ ವ್ಯಾಪಾರಿಯ ಅಂಗಡಿ ಮುಂದೆ ಕೂತು ಕಾಳು ಹಸನು ಮಾಡುತ್ತಿದ್ದಳು. ಚೀಲದ ಬಾಯಲ್ಲಿ ಮುತ್ತಿನಂಥ ಕಡಲೆ, ತಳದಲ್ಲಿ ಮಣ್ಣು. ಅದಕ್ಕೇ ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳು ಹೊರಗೆಳೆದು ನೋಡುತ್ತಿದ್ದರು. ಏಳು ವರ್ಷದ ಮಂಜಿ ಆ ಕೊಳವೆಯನ್ನೇ ನೋಡುತ್ತ ಬೆಳೆದಳು. ಮನುಷ್ಯರಿಗೂ ಹಾಗೆ ಚುಚ್ಚಿ ನೋಡುವಂತಿದ್ದರೆ ಎಷ್ಟು ಚಂದ ಇತ್ತು ಎಂದು ಅವಳಿಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಹದಿನೆಂಟಕ್ಕೆ ಯಮನೂರಪ್ಪನ ಕೈ ಹಿಡಿದು ಎಕ್ಕೆಗೊಂದಿಗೆ ಬಂದಳು. ಕೊರ್ಲಹಳ್ಳಿಯಿಂದ ಮೇಲಕ್ಕೆ ಎರಡು ಹರದಾರಿ. ಒಂದು ಕಡೆ ಕಪ್ಪತಗುಡ್ಡದ ಸಾಲು, ಇನ್ನೊಂದು ಕಡೆ ಹೊಳೆಯಿಂದ ಬರುವ ಗಾಳಿ. ಎಂಟನೇ ಇಯತ್ತೆ ಪಾಸಾಗಿದ್ದ ಸೊಸೆ ಆ ಓಣಿಗೆ ಅವಳೊಬ್ಬಳೇ. ಹಾಗಾಗಿ ಮಗ ಶಾಲೆಗೆ ಹೋಗುವ ಹೊತ್ತಿಗೆ ಆಶಾ ಕೆಲಸ ಬಂದಾಗ ಊರಿನವರು ಬೇರೆ ಯಾರ ಹೆಸರನ್ನೂ ಯೋಚಿಸಲಿಲ್ಲ. ಅಂದಿನಿಂದ ಹದಿನಾರು ವರ್ಷ ಅವಳು ಗುಲಾಬಿ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿ, ಮನೆ ಮನೆ ತಿರುಗಿದ್ದಾಳೆ. ಬಸುರಿಯರ ಹೆಸರು ಬರೆದಿದ್ದಾಳೆ, ಅವರಿಗೆ ರಕ್ತ ಹೆಚ್ಚಿಸುವ ಕೆಂಪು ಗುಳಿಗೆ ಹಂಚಿದ್ದಾಳೆ, ಹೆರಿಗೆ ನೋವು ಎದ್ದವರನ್ನು ಗಾಡಿಗೆ ಹತ್ತಿಸಿದ್ದಾಳೆ. ಊರಿನಲ್ಲಿ ಈಗ ಶಾಲೆಗೆ ಹೋಗುವ ಅರ್ಧ ಮಕ್ಕಳು ಅವಳ ಕಣ್ಣೆದುರು ಹುಟ್ಟಿದವರು. ಯಾರನ್ನೂ ನಂಬದ ಹೆಂಗಸನ್ನು ಊರು ಮಾತ್ರ ನಂಬಿತ್ತು. ಕನಿಷ್ಠ, ಅವಳು ಹಾಗೆ ತಿಳಿದಿದ್ದಳು.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಗದಗಿನ ಕಾಲೇಜಿನಿಂದ ಸುಶ್ಮಿತಾ ಎಂಬ ಹುಡುಗಿ ಬಂದಳು. ಜನರ ಆರೋಗ್ಯದ ಬಗ್ಗೆ ದೊಡ್ಡ ಓದು ಓದುತ್ತಿದ್ದಳಂತೆ. ಆರೋಗ್ಯ ಕೇಂದ್ರದ ಡಾಕ್ಟರು ಕೈನಾತ ಮೇಡಂ ಅವಳನ್ನು ಮಂಜವ್ವನ ಕೈಗೆ ಒಪ್ಪಿಸಿ, ಮೂರು ತಿಂಗಳು ಜತೆಗಿಟ್ಟುಕೊಳ್ಳಿ ಎಂದರು. ಮಂಜವ್ವ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆನ್ನಿಗೆ ಚೀಲ, ಕಾಲಿಗೆ ಓಡುವವರ ಬೂಟು, ಬಾಯಲ್ಲಿ ಬೆಟಗೇರಿಯ ಮಾತು. ನಮ್ಮ ಕಡೆಯ ಮಾತನ್ನೇ ಆಡುತ್ತಾಳಲ್ಲ ಎಂದು ಸಮಾಧಾನ ಆಗುವ ಬದಲು ಮಂಜವ್ವನ ಅನುಮಾನ ಒಂದು ಮೆಟ್ಟಿಲು ಮೇಲೇರಿತು. ನಮ್ಮ ಮಾತನ್ನೇ ಆಡುವವರು ನಮ್ಮ ಗುಟ್ಟನ್ನೂ ಬೇಗ ಹಿಡಿಯುತ್ತಾರೆ.

ಅಂಗನವಾಡಿಯ ಚಾಪೆ ಮೇಲೆ ಸುಶ್ಮಿತಾ ಒಂದು ದೊಡ್ಡ ಹಾಳೆ ಹರವಿದಳು. ಅದರ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು.

"ಇದೇನ್ರಿ ಮೇಡಂ, ಕುಂಟಾಪಿಲ್ಲಿ ಆಟದ ಮನಿ ಇದ್ದಾಂಗ ಐತಿ?"

"ಇದಕ್ಕ ಸಿದ್ಧಾಂತ ಅಂತಾರ್ರಿ ಮಂಜಕ್ಕಾರ," ಎಂದು ಹುಡುಗಿ ನಕ್ಕಳು. "ಗುಳಿಗಿ ನುಂಗ್ರಿ ಅಂತ ಬರೇ ಹೇಳಿದ್ರ ಯಾರೂ ನುಂಗಂಗಿಲ್ಲ. ಮನಷ್ಯಾ ಮೊದಲು ತನ್ನ ಮನಸಿನಾಗ ಕೇಳ್ಕೋತಾನ: ಈ ರೋಗ ನನಗ ಬರ್ತೈತೇನು? ಬಂದ್ರ ಎಷ್ಟು ತ್ರಾಸ? ಗುಳಿಗಿ ನುಂಗಿದ್ರ ಏನು ಫಾಯ್ದೆ? ನುಂಗಾಕ ಏನು ಅಡ್ಡಿ? ಆಮ್ಯಾಲ ದಿನಾ ನೆನಪು ಮಾಡಾಕ ಏನರ ಒಂದು ಬೇಕು. ಈ ಒಂದೊಂದು ಚೌಕದಾಗ ನಮ್ಮ ಕೆಲಸ ಕುಂಡ್ರಸಬೇಕ್ರಿ. ಕಡೀಕ ಕೆಲಸ ಆತೋ ಇಲ್ಲೋ ಅಂತ ಅಳೀಬೇಕು."

'ಅಳೀಬೇಕು' ಎಂಬ ಮಾತು ಕಿವಿಗೆ ಬಿದ್ದೊಡನೆ ಮಂಜವ್ವನಿಗೆ ಎಲ್ಲ ತಿಳಿದುಹೋಯಿತು. ಚೌಕವೂ ಇಲ್ಲ, ಬಾಣವೂ ಇಲ್ಲ. ಈ ಹುಡುಗಿ ಬಂದಿರುವುದು ತನ್ನನ್ನು ಅಳೆಯಲು. ಯಾರೋ ಮೇಲಿನವರು ಕಳಿಸಿದ್ದಾರೆ. ಮೂರು ತಿಂಗಳು ಬೆನ್ನಿಗೆ ಬಿದ್ದು ತಪ್ಪು ಹುಡುಕಿ ಬರೆದುಕೊಂಡು ಹೋಗುತ್ತಾಳೆ. ಅಂದಿನಿಂದ ಮಂಜವ್ವ ಹುಡುಗಿಗೆ ಚಹಾ ಕೊಟ್ಟಳು, ರೊಟ್ಟಿ ಕೊಟ್ಟಳು, ಮನಸ್ಸು ಮಾತ್ರ ಕೊಡಲಿಲ್ಲ.

ನೆನಪು ಮಾಡುವುದಕ್ಕೆ ಸುಶ್ಮಿತಾ ಹುಡುಕಿದ ಉಪಾಯ ಚಂದವೇ ಇತ್ತು. ಊರಿನಲ್ಲಿ ಆಗ ಹನ್ನೊಂದು ಮಂದಿ ಬಸುರಿಯರು. ಒಬ್ಬೊಬ್ಬರಿಗೂ ಅವರವರ ಹೆಸರು ಬರೆದ ಒಂದು ಕ್ಯಾಲೆಂಡರು, ಜತೆಗೆ ಹಣೆಗೆ ಹಚ್ಚುವ ಕೆಂಪು ಟಿಕಳಿಯ ಪಾಕೀಟು. ದಿನಾ ಗುಳಿಗೆ ನುಂಗಬೇಕು, ನುಂಗಿದ ದಿನದ ತಾರೀಖಿನ ಮೇಲೆ ಒಂದು ಟಿಕಳಿ ಹಚ್ಚಬೇಕು. ನುಂಗದ ದಿನ ಖಾಲಿ ಬಿಡಬೇಕು. ತಿಂಗಳ ಕೊನೆಗೆ ಟಿಕಳಿ ಎಣಿಸಿದರೆ ಲೆಕ್ಕ ತಾನೇ ಸಿಗುತ್ತದೆ. ಓದು ಬಾರದ ಹೆಂಗಸರಿಗೂ ಸುಲಭ.

ಹನ್ನೊಂದರಲ್ಲಿ ಒಂದು ಕ್ಯಾಲೆಂಡರು ಮಂಜವ್ವನ ಮನೆಗೇ ಬಂತು. ಅವಳ ಸೊಸೆ ಮಾಯಾ, ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಸಲ ಬಸುರಿ. ಮಗ ಭೀಮೇಶ ಕ್ಯಾಲೆಂಡರನ್ನು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಮಾಯಾ ಆ ಕೆಂಪು ಗುಳಿಗೆ ಒಂದನ್ನೂ ನುಂಗಲಿಲ್ಲ. ಮಂಜವ್ವ ನುಂಗಲು ಕೊಡಲಿಲ್ಲ. ಮುಂಡರಗಿಯಲ್ಲಿ ಇಲಿಯಾಸನ ಔಷಧದ ಅಂಗಡಿಯಿಂದ ಟಾನಿಕ್ಕಿನ ಬಾಟಲಿ ತಂದು, ಸೆರಗಿನಡಿ ಮುಚ್ಚಿಕೊಂಡು ಮನೆಗೆ ಒಯ್ದು, ದಿನಾ ಎರಡು ಚಮಚ ಕುಡಿಸುತ್ತಿದ್ದಳು. ಸರಕಾರಿ ಗುಳಿಗೆಯನ್ನು ಹಾಳೆಯಿಂದ ಬಿಡಿಸಿ ಒಲೆಗೆ ಹಾಕುತ್ತಿದ್ದಳು. ಗೋಡೆಯ ತಾರೀಖಿಗೆ ಟಿಕಳಿಯನ್ನು ತಾನೇ ಹಚ್ಚುತ್ತಿದ್ದಳು. ಹನ್ನೊಂದರಲ್ಲಿ ಒಂದು ಮನೆಯ ಲೆಕ್ಕ ಸುಳ್ಳಾದರೆ ಏನು ಮುಳುಗಿ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮೂರು ತಿಂಗಳು ತುಂಬಿತು. ಸುಶ್ಮಿತಾ ಮನೆ ಮನೆಗೆ ಹೋಗಿ ಟಿಕಳಿ ಎಣಿಸಿದಳು, ಗುಳಿಗೆ ಬಿಡಿಸಿದ ಖಾಲಿ ಹಾಳೆ ಎಣಿಸಿದಳು. ಹನ್ನೊಂದೂ ಕ್ಯಾಲೆಂಡರು ಪೂರ್ತಿ. ಒಂದು ತಾರೀಖೂ ಖಾಲಿ ಇಲ್ಲ. ಹುಡುಗಿ ಖುಷಿಯಿಂದ ಮಂಜವ್ವನ ಎರಡೂ ಕೈ ಹಿಡಿದು, "ಎಲ್ಲೂ ಹಿಂಗ ಆಗಿಲ್ಲರೀ ಮಂಜಕ್ಕಾರ, ನೂರಕ್ಕ ನೂರು!" ಎಂದಳು. ಮಂಜವ್ವ ನಕ್ಕಳು, ಆದರೆ ಒಳಗೆ ಏನೋ ಚುಚ್ಚಿತು. ನೂರಕ್ಕೆ ನೂರು ಅಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ಅವಳದೇ ಸುಳ್ಳು. ಉಳಿದ ಹತ್ತು ಮನೆಯಲ್ಲಿ ಒಬ್ಬಳಾದರೂ ಒಂದು ದಿನವಾದರೂ ಮರೆಯಬೇಡವೇ? ತವರಿಗೆ ಹೋಗಬೇಡವೇ? ವಾಂತಿ ಬಂದು ಬೇಡ ಅನ್ನಬೇಡವೇ? ಇಷ್ಟು ಹಸನಾದ ಚೀಲದ ಬಾಯನ್ನು ಅವಳು ಲಕ್ಷ್ಮೇಶ್ವರದಲ್ಲೂ ಕಂಡಿರಲಿಲ್ಲ.

ಮರುವಾರ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಯಿತು. ಮಧ್ಯಾಹ್ನಕ್ಕೆ ಕೈನಾತ ಮೇಡಂ ಮಂಜವ್ವನನ್ನು ಒಳಗೆ ಕರೆದರು. ಮೇಜಿನ ಆಚೆ ಸುಶ್ಮಿತಾ ತಲೆ ತಗ್ಗಿಸಿ ಕೂತಿದ್ದಳು.

"ಮಂಜವ್ವಾರ, ಹನ್ನೊಂದು ಮಂದಿಯೊಳಗ ಒಂಬತ್ತು ಮಂದಿಗೆ ರಕ್ತ ಏರಿಲ್ಲ, ಇಳದೈತಿ," ಎಂದರು ಡಾಕ್ಟರು. "ಟಿಕಳಿ ಎಲ್ಲಾ ಅದಾವ, ಖಾಲಿ ಹಾಳಿ ಎಲ್ಲಾ ಅದಾವ. ಹಂಗಾರ ಗುಳಿಗಿ ಎಲ್ಲಿ ಹೋದವು?"

"ನಾ ಕೊಟ್ಟೇನ್ರಿ ಮೇಡಂ. ಮನಿ ಮನಿಗೆ ಹೋಗಿ ಕೊಟ್ಟೇನಿ."

"ನೀವು ಕೊಟ್ಟೀರಿ ಅಂತ ನೀವು ಹೇಳ್ತೀರಿ. ನಾನು ಏನು ನೋಡಿ ನಂಬ್ಲಿ?"

ಜೀವಮಾನವಿಡೀ ತಾನು ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ತನಗೇ ತಿರುಗಿ ಬಂದಾಗ ಅದರ ಉರಿ ಇಷ್ಟಿರುತ್ತದೆ ಎಂದು ಮಂಜವ್ವನಿಗೆ ಗೊತ್ತಿರಲಿಲ್ಲ.

ಡಾಕ್ಟರು ದನಿ ಇಳಿಸಿದರು. "ಬಸವಣ್ಣೆವ್ವಾರ ಸೊಸಿ ಅಂಕಿತಾಗ ರಕ್ತ ಏಳೂವರಿಗಿಂತ ಕಡಿಮಿ ಐತಿ. ಇನ್ನೆರಡು ತಿಂಗಳಿಗೆ ಹೆರಿಗಿ. ಆ ಹುಡುಗಿಗೆ ಹೆರಿಗಿ ಹೊತ್ತಿನಾಗ ಸ್ವಲ್ಪ ರಕ್ತ ಹೋದ್ರೂ ಜೀವ ಉಳಿಸೂದು ಕಷ್ಟ. ಸಲೈನ್‌ನಾಗ ಔಷಧ ಏರಸೂಣಂದ್ರ ಅವರತ್ತಿ ಒಪ್ಪವಲ್ರು. ಹದಿನೈದು ದಿನ ಟೈಮ್ ಐತಿ. ಗುಳಿಗಿ ಎಲ್ಲಿ ಹೋದವು ಅಂತ ನನಗ ಗೊತ್ತಾಗಬೇಕು. ಇಲ್ಲಂದ್ರ ನಿಮ್ಮ ಮ್ಯಾಲ ನಾನು ಬರೀಬೇಕಾಗ್ತೈತಿ."

ಮಂಜವ್ವ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಳು. ಹದಿನಾರು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ಕಳ್ಳಿಯ ಹೆಸರಾಗುವ ಹಾಗಿತ್ತು. ಆದರೆ ಖರೆ ಹೇಳಬೇಕೆಂದರೆ ಅವಳ ಕಣ್ಣಿಗೆ ಕಟ್ಟಿದ್ದು ಅದಲ್ಲ, ಅಂಕಿತಾಳ ಮುಖ. ಉಗುರು, ತುಟಿ, ಕಣ್ಣಿನ ಒಳರೆಪ್ಪೆ ಎಲ್ಲ ಸುಣ್ಣ ಬಳಿದ ಹಾಗೆ. ಹತ್ತೊಂಬತ್ತು ವರ್ಷದ ಆ ಹುಡುಗಿ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಿದ್ದಳು.

ಬಸ್ಸಿನಲ್ಲಿ ಊರಿಗೆ ಬರುವಾಗ ಮಂಜವ್ವ ಯಾರನ್ನೂ ಬಿಡದೆ ಅನುಮಾನಿಸಿದಳು. ಮೊದಲು ಬೆರಳು ಚುಚ್ಚಿ ರಕ್ತ ನೋಡುವ ಆ ಚಿಕ್ಕ ಯಂತ್ರವನ್ನು. ಆಮೇಲೆ ಸುಶ್ಮಿತಾಳನ್ನು, ನೂರಕ್ಕೆ ನೂರು ಎಂದು ಹೊಗಳಿ ಮರುವಾರವೇ ಕೈಗೆ ಕೋಳ ತೊಡಿಸುವ ಆಟ ಇದು ಎಂದುಕೊಂಡಳು. ಆಮೇಲೆ ಗುಳಿಗೆಯನ್ನೇ, ಒಳಗೆ ಬರೀ ಸುಣ್ಣದ ಪುಡಿ ಇದ್ದರೆ? ಕೊನೆಗೆ ಆ ಹತ್ತು ಮನೆಯ ಹೆಂಗಸರನ್ನು. ತಾ ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಹಾಗೆ. ತನ್ನ ಮನೆಯ ಒಲೆಗೆ ಗುಳಿಗೆ ಹಾಕಿದವಳಿಗೆ ಬೇರೆಯವರ ಒಲೆಯ ನೆನಪು ಬರಲು ಇಷ್ಟು ಹೊತ್ತು ಹಿಡಿದದ್ದೇ ಆಶ್ಚರ್ಯ.

ಮರುದಿನ ಬೆಳಗ್ಗೆ, ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ, ಮಂಜವ್ವ ಬಸವಣ್ಣೆವ್ವನ ಮನೆಯ ಹಿತ್ತಲ ಬಾಗಿಲಿಗೆ ಹೋದಳು. ಊರಿನಲ್ಲಿ ದೊಡ್ಡ ಮನೆ ಎಂದರೆ ಅದೇ. ಎಪ್ಪತ್ತು ಎಕರೆ ಎರೆ ಹೊಲ, ಮುಂದೆ ಕಲ್ಲಿನ ಕಟ್ಟೆ, ಆ ಕಟ್ಟೆಯ ಮೇಲೆ ಬಸವಣ್ಣೆವ್ವನ ದರಬಾರು. ಮುಂಬಾಗಿಲಿನಿಂದ ಹೋದರೆ ಕಟ್ಟೆಯ ಮಾತೇ ಮುಗಿಯುವುದಿಲ್ಲ ಎಂದು ಮಂಜವ್ವ ಹಿತ್ತಲು ಹಿಡಿದಿದ್ದಳು.

ಕಂಡದ್ದು ಇಷ್ಟು. ಬಸವಣ್ಣೆವ್ವ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಪೂಜೆ ಮುಗಿಸಿ ಹೊರಗೆ ಬಂದಳು. ಪಡಸಾಲೆಯ ಗೋಡೆಯಲ್ಲಿದ್ದ ಅಂಕಿತಾಳ ಕ್ಯಾಲೆಂಡರಿನ ಮುಂದೆ ನಿಂತು, ಪಾಕೀಟಿನಿಂದ ಒಂದು ಟಿಕಳಿ ಬಿಡಿಸಿ, ಅಂದಿನ ತಾರೀಖಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಚ್ಚಿದಳು. ಹಚ್ಚಿ ಕೈ ಮುಗಿದಳು. ಆಮೇಲೆ ಗುಳಿಗೆಯ ಹಾಳೆಯಿಂದ ಒಂದು ಕೆಂಪು ಗುಳಿಗೆ ಬಿಡಿಸಿಕೊಂಡು, ಹಿತ್ತಲಿಗೆ ಇಳಿದು ಕರಿಬೇವಿನ ಗಿಡದ ಬುಡಕ್ಕೆ ಹಾಕಿ, ಕಾಲಿನಿಂದ ಮಣ್ಣು ಎಳೆದಳು. ತೊಂಬತ್ತು ಗುಳಿಗೆ ತಿಂದ ಕರಿಬೇವು ಹಿತ್ತಲಿಗೆಲ್ಲ ನೆರಳಾಗಿ ಕಪ್ಪಗೆ ಮಿಂಚುತ್ತಿತ್ತು. ಬಸುರಿಗೆ ಬರಬೇಕಾದ ಕಳೆ ಗಿಡಕ್ಕೆ ಬಂದಿತ್ತು.

"ಅವ್ವಾರ, ಇದೇನ ಮಾಡಾಕ ಹತ್ತೀರಿ?"

ಬಸವಣ್ಣೆವ್ವ ಬೆಚ್ಚಿದಳು, ಆದರೆ ಒಂದು ಗಳಿಗೆ ಮಾತ್ರ. "ನೋಡಿದಿ ಹೌದಲ್ಲೋ, ಮತ್ತ್ಯಾಕ ಕೇಳತಿ?"

"ಗುಳಿಗಿ ನುಂಗದ ದಿನಾ ಟಿಕಳಿ ಹಚ್ಚಬ್ಯಾಡ್ರಿ ಅಂತ ಆ ಕಾಲೇಜ ಹುಡುಗಿ ಹೇಳಿತ್ತಲ್ರಿ. ಖಾಲಿ ಬಿಡ್ರಿ ಅಂದಿತ್ತು."

"ಖಾಲಿ ಬಿಡಬೇಕಂತ!" ಬಸವಣ್ಣೆವ್ವನಿಗೆ ಸಿಟ್ಟೇ ಬಂತು. "ನೀನೂ ಮುತ್ತೈದಿ ಇದ್ದೀಯಲ್ಲ, ನಿನಗರ ತಿಳೀಬ್ಯಾಡೇನು? ಹಾಳಿ ಮ್ಯಾಲ ನನ್ನ ಸೊಸಿ ಹೆಸರು ಬರದೈತಿ. ಬಸುರಿ ಹೆಂಗಸಿನ ಹೆಸರಿನ ಕೆಳಗ ಕುಂಕುಮದ ಜಾಗಾ ಬೋಳು ಬಿಡತಾರೇನು? ಒಂದು ದಿನಾ ಬಿಟ್ಟು ನನ್ನ ಮಗನಿಗೆ ಏನರ ಆದ್ರ? ಊರಾಗ ಯಾವ ಅತ್ತಿ ಬಿಟ್ಟಾಳು, ಹೇಳು ನೋಡೂಣು."

ಮಂಜವ್ವ ತಾನೂ ಮಾಯಾಳ ಕ್ಯಾಲೆಂಡರಿಗೆ ಟಿಕಳಿ ಹಚ್ಚಿದ್ದು ಲೆಕ್ಕ ಮುಚ್ಚಲಷ್ಟೇ ಎಂದುಕೊಂಡಿದ್ದಳು. ಆದರೆ ಒಂದು ದಿನ ಮರೆತಾಗ ಎದೆ ಧಸಕ್ಕೆಂದು, ಉಣ್ಣುವ ತಾಟು ಬಿಟ್ಟು ಎದ್ದು ಹಚ್ಚಿದ್ದು ಲೆಕ್ಕಕ್ಕಾಗಿ ಅಲ್ಲ ಎಂದು ಈಗ ತಿಳಿಯಿತು. ಹನ್ನೊಂದು ಮನೆಯಲ್ಲೂ ಹನ್ನೊಂದು ಅತ್ತೆಯರು ದಿನಾ ಬೆಳಗ್ಗೆ ಸೊಸೆಯ ಮುತ್ತೈದೆತನ ಕಾದಿದ್ದರು. ಗುಳಿಗೆಯ ಲೆಕ್ಕ ಅದರಲ್ಲಿ ಎಲ್ಲಿಂದ ಸಿಗಬೇಕು?

"ಟಿಕಳಿದ್ದು ಇರ್ಲಿ ಅವ್ವಾರ. ಗುಳಿಗಿ ಯಾಕ ಮಣ್ಣಿಗೆ ಹಾಕತೀರಿ? ಆಕೀಗೆ ರಕ್ತ ಇಲ್ಲ. ಡಾಕ್ಟರು ಏನಂದಾರ ಗೊತ್ತೈತೇನು ನಿಮಗ?"

ಬಸವಣ್ಣೆವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಿನ್ನ ಸೊಸಿ ನುಂಗತಾಳೇನು?"

ಮಂಜವ್ವ ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ಯಾಕ, ನಾಲಿಗಿ ಬಿದ್ದೋತೇನು? ತಿಂಗಳಿಗೆ ಎರಡು ಸಲ ಇಲಿಯಾಸನ ಅಂಗಡಿಯಿಂದ ಬಾಟ್ಲಿ ತರ್ತಿ, ಸೆರಗಿನಾಗ ಮುಚಗೊಂಡು ಬಸ್ ಇಳೀತಿ. ಊರಿಗೆ ಊರೇ ನೋಡೈತಿ. ತನ್ನ ಸೊಸಿಗೆ ಬಾಟ್ಲಿ ಔಷಧ, ಮಂದಿ ಸೊಸಿಗೆ ಪುಕ್ಕಟ ಗುಳಿಗಿ! ಹೇಳೂದು ಪುರಾಣ, ತಿನ್ನೂದು ಬದನಿಕಾಯಿ. ಗುಳಿಗಿ ಚಲೋ ಇದ್ರ ಮೊದಲು ನಿನ್ನ ಮನ್ಯಾಗ ಕೊಡತಿದ್ದಿ. ಅದರಾಗ ಏನೋ ಐತಿ, ನಿನಗ ಗೊತ್ತೈತಿ, ನಮಗ ಹೇಳವಲ್ಲಿ. ಹೌದಲ್ಲೋ?"

ಒಳಬಾಗಿಲಲ್ಲಿ ಅಂಕಿತಾ ಚೌಕಟ್ಟು ಹಿಡಿದು ನಿಂತಿದ್ದಳು. ಮಂಜವ್ವನ ಮುಖವನ್ನೇ ನೋಡುತ್ತಿದ್ದಳು, ಉತ್ತರ ಬರುತ್ತದೇನೋ ಎಂದು ಕಾಯುವವಳ ಹಾಗೆ. ಮಂಜವ್ವ ಹಿತ್ತಲಿನಿಂದಲೇ ಹೊರಬಿದ್ದಳು.

ಅಂಗನವಾಡಿಯಲ್ಲಿ ಸುಶ್ಮಿತಾ ಒಬ್ಬಳೇ ಕೂತು ಹಾಳೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಮಂಜವ್ವ ಅವಳೆದುರು ಕುಸಿದು ಕೂತು ಮೊದಲು ಟಿಕಳಿಯ ಸಂಗತಿ ಹೇಳಿದಳು. ಕೇಳುತ್ತ ಕೇಳುತ್ತ ಹುಡುಗಿ ತಲೆ ಮೇಲೆ ಕೈ ಹೊತ್ತಳು.

"ಬೆಟಗೇರಿಯೊಳಗ ಹುಟ್ಟಿ ಬೆಳದಾಕಿ ನಾನು. ನಮ್ಮವ್ವ ಹಣಿಮ್ಯಾಲ ಟಿಕಳಿ ಇಲ್ಲದೇ ಬಾಗಿಲಿಗೆ ಬರಂಗಿಲ್ಲ. ನನಗ ಇದು ತಿಳೀಬೇಕಿತ್ತಲ್ರಿ ಮಂಜಕ್ಕಾರ! ಚೌಕ ನೋಡಿಕೋತ ಕುಂತು ನಮ್ಮವ್ವನ್ನ ಮರತೆ."

ಮಂಜವ್ವನಿಗೆ ಅವಳ ಮೇಲೆ ಮೊದಲ ಸಲ ಅಕ್ಕರೆ ಬಂತು. ತಪ್ಪನ್ನು ತನ್ನದೆಂದು ಇಷ್ಟು ಬೇಗ ಒಪ್ಪಿದವರನ್ನು ಅವಳು ಹದಿನಾರು ವರ್ಷದಲ್ಲಿ ಕಂಡಿರಲಿಲ್ಲ. ಆ ಧೈರ್ಯದ ಮೇಲೆ ಉಳಿದದ್ದನ್ನೂ ಹೇಳಿಬಿಟ್ಟಳು: ಇಲಿಯಾಸನ ಬಾಟಲಿ, ಒಲೆಗೆ ಹಾಕಿದ ಗುಳಿಗೆ, ಅದಕ್ಕೂ ಹಿಂದಿನ ಕಥೆ.

ಆ ಕಥೆ ಯಾರಿಗೂ ಗೊತ್ತಿರಲಿಲ್ಲ, ಗಂಡನಿಗೂ. ಹನ್ನೆರಡು ವರ್ಷದ ಹಿಂದಿನ ಮಳೆಗಾಲ. ಒಂದು ಡಬ್ಬಿ ಗುಳಿಗೆ ತಂಪು ಹಿಡಿದು, ಒಂದಕ್ಕೊಂದು ಅಂಟಿಕೊಂಡು ಬಂದಿತ್ತು. ಬೇಡ ಎಂದು ಮಂಜವ್ವ ಹೇಳಿದ್ದಳು. ಆಗ ಮೇಲೆ ಇದ್ದವರೊಬ್ಬರು, "ಹಂಚಿ ಮುಗಸವ್ವ, ಸುಮ್ಮನ ತಲಿ ತಿನಬ್ಯಾಡ" ಎಂದಿದ್ದರು. ಅವಳು ಹಂಚಿದಳು. ಕೆಳಗಿನ ಓಣಿಯ ಒಬ್ಬ ಬಸುರಿ ಮೂರು ದಿನ ವಾಂತಿ ಮಾಡಿಕೊಂಡಳು. ತಾಯಿ ಉಳಿದಳು, ಮಗು ಉಳಿಯಿತು, ಯಾರೂ ಗುಳಿಗೆಯ ಹೆಸರು ಎತ್ತಲಿಲ್ಲ. ಆದರೆ ಆ ಮೂರು ದಿನ ಅವಳ ಹಾಸಿಗೆಯ ಪಕ್ಕ ಕೂತಿದ್ದು ಮಂಜವ್ವ. ಅದು ಗುಳಿಗೆಯಿಂದಲೇ ಆಯಿತೋ, ಬೇರೆಯದರಿಂದ ಆಯಿತೋ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಅಂದಿನಿಂದ ಬಂದ ಒಂದೊಂದು ಡಬ್ಬಿಯನ್ನೂ ಬಿಡಿಸಿ, ತಾರೀಖು ಓದಿ, ಮೂಸಿ ನೋಡಿಯೇ ಹಂಚಿದ್ದಾಳೆ. ಒಂದೂ ಕೆಟ್ಟದ್ದು ಸಿಕ್ಕಿಲ್ಲ. ಅನುಮಾನ ಮಾತ್ರ ಒಳಗೆ ಹಾಗೆಯೇ ಕೂತಿತ್ತು. ನಾಲ್ಕು ವರ್ಷ ಕಾದು ಸೊಸೆ ಬಸುರಿಯಾದಾಗ ಆ ಗುಳಿಗೆಯನ್ನು ಅವಳ ಅಂಗೈಗೆ ಇಡಲು ಕೈ ಏಳಲಿಲ್ಲ.

ಸುಶ್ಮಿತಾ ಚೌಕಗಳ ಹಾಳೆಯನ್ನು ಹರವಿದಳು. "ಬಸುರಿ ಏನು ನಂಬತಾಳ, ಏನಕ್ಕ ಅಂಜತಾಳ, ಎಲ್ಲಾ ಕೇಳೀನಿ ಇದರಾಗ. ಗುಳಿಗಿ ಕೊಡಾಕಿ ಏನು ನಂಬತಾಳ ಅಂತ ಕೇಳೂ ಚೌಕ ನಾ ಹಾಕಿಲ್ಲ. ಮಂದಿ ಹೇಳಿದ್ದು ಕೇಳಂಗಿಲ್ಲ, ಮಾಡೂದು ನೋಡಿ ಕಲೀತಾರ ಅನ್ನೂ ಸಿದ್ಧಾಂತಾನೂ ಓದೀನಿ. ಪರೀಕ್ಷಾದಾಗ ಬರದು ಬಂದೀನಿ." ಆಮೇಲೆ ರಕ್ತದ ಪಟ್ಟಿ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಮಾಯಾಂದೂ ನೋಡ್ರಿ. ಒಂಬತ್ತರ ಮ್ಯಾಲಿತ್ತು, ಎಂಟಕ್ಕ ಬಂದೈತಿ. ಬಾಟ್ಲಿ ಔಷಧದಾಗ ಕಬ್ಬಿಣ ಸಾಲಂಗಿಲ್ಲರಿ ಆಕೀಗೆ."

ಮಂಜವ್ವ ಆ ಅಂಕಿಯನ್ನು ಎರಡು ಸಲ ಓದಿದಳು. ಮೊಮ್ಮಗುವಿಗಾಗಿ ಬಚ್ಚಿಟ್ಟು ತಂದ ಬಾಟಲಿ ಮೊಮ್ಮಗುವನ್ನು ಹೊತ್ತವಳದೇ ರಕ್ತ ಇಳಿಸಿತ್ತು.

"ನಿಮ್ಮ ಹೆಸರು ಬರಿಯಂಗಿಲ್ಲರಿ ನಾ," ಎಂದಳು ಸುಶ್ಮಿತಾ.

"ಬರಿ ತಂಗಿ. ಅಡ್ಡಿ ಏನು ಅಂತ ಕೇಳೂ ಚೌಕ ಐತಲ್ಲ, ಅದರಾಗ ಮಂಜವ್ವ ಅಂತ ಬರಿ. ಡಾಕ್ಟರ ಮುಂದೂ ನಾನ ಹೇಳತೀನಿ."

ಅಂದೇ ಸಂಜೆಗೆ ಮುಂಚೆ ಮಂಜವ್ವ ಮಾಯಾಳನ್ನು ಕರೆದುಕೊಂಡು ಬಸವಣ್ಣೆವ್ವನ ಮನೆಗೆ ಹೋದಳು, ಈ ಸಲ ಮುಂಬಾಗಿಲಿನಿಂದ. ಕಟ್ಟೆಯ ಮೇಲೆ ಮೂವರು ನಾಲ್ವರು ಹೆಂಗಸರಿದ್ದರು. ಯಾರನ್ನೂ ಏಳಿಸಲಿಲ್ಲ, ಯಾರಿಗೂ ಉಪದೇಶ ಹೇಳಲಿಲ್ಲ. ಚೀಲದಿಂದ ಗುಳಿಗೆಯ ಹೊಸ ಹಾಳೆ ತೆಗೆದು, ಒಂದನ್ನು ಒತ್ತಿ ಬಿಡಿಸಿ, ಸೊಸೆಯ ಅಂಗೈ ಮೇಲೆ ಇಟ್ಟಳು. ಎಲ್ಲರೂ ನೋಡಿದರು.

ಮಾಯಾ ಗುಳಿಗೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮೂರು ತಿಂಗಳು ಇದೇ ಗುಳಿಗೆ ಒಲೆಗೆ ಬೀಳುವುದನ್ನು ಅವಳು ದಿನಾ ಕಂಡಿದ್ದಳು.

"ಅತ್ತಿ, ಖರೆ ಹೇಳ್ರಿ. ಇದು ಚಲೋ ಐತೇನ್ರಿ?"

ಮಂಜವ್ವನ ಬಾಯಲ್ಲಿ ಹದಿನಾರು ವರ್ಷದ ಮಾತು ಸಿದ್ಧವಿತ್ತು. ರಕ್ತ ಆಗುತ್ತದೆ, ಕೂಸು ಗಟ್ಟಿಯಾಗುತ್ತದೆ, ಸರಕಾರ ಸುಮ್ಮನೆ ಕೊಡುವುದಿಲ್ಲ. ಯಾವುದೂ ಹೊರಗೆ ಬರಲಿಲ್ಲ.

"ಚಲೋ ಐತಿ ಅಂತ ಡಾಕ್ಟರು ಹೇಳತಾರ, ಸುಶ್ಮಿತಾ ಹೇಳತಾಳ. ನಾನೂ ಮೂಸಿ ನೋಡೀನಿ, ತಾರೀಖು ಓದೀನಿ," ಎಂದಳು. "ಆದ್ರೂ ನನಗ ಅಂಜಿಕಿ ಐತಿ ಮಾಯಾ. ಭಾಳ ಅಂಜಿಕಿ ಐತಿ. ಒಮ್ಮೆ ಕೆಟ್ಟ ಗುಳಿಗಿ ಹಂಚಿದಾಕಿ ನಾನು. ಅವತ್ತಿನಿಂದ ಈ ಅಂಜಿಕಿ ಹೋಗವಲ್ದು. ನನ್ನ ಅಂಜಿಕಿಗೆ ನಿನ್ನ ರಕ್ತ ಇಳಿಯಾಕ ಹತ್ತೈತಿ. ಅದಕ್ಕ ನುಂಗು."

ಮಾಯಾ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಮಂಜವ್ವ ಅವಳ ಗಂಟಲನ್ನೇ ನೋಡುತ್ತ ನಿಂತಳು. ಕಣ್ಣಿನಿಂದ ನೀರು ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

ಬಸವಣ್ಣೆವ್ವ ತಾಯಿಯನ್ನೂ ಮಗಳನ್ನೂ ನೋಡುವ ಹಾಗೆ ಅವರಿಬ್ಬರನ್ನೂ ನೋಡಿದಳು.

"ಹದಿನಾರು ವರ್ಷ ಆತು ನೀ ನಮ್ಮ ಮನಿಗೆ ಬರಾಕ ಹತ್ತಿ," ಎಂದಳು. "ಒಮ್ಮೆರ ಅಂಜಿಕಿ ಐತಿ ಅಂದಿದ್ದಿಲ್ಲ. ಎಲ್ಲಾ ಚಲೋ ಐತಿ, ಎಲ್ಲಾ ಚಲೋ ಐತಿ ಅಂತಿದ್ದಿ. ಅದನ್ನ ಹ್ಯಾಂಗ ನಂಬಬೇಕು?"

ಮೊಣಕಾಲಿಗೆ ಕೈ ಊರಿ ಎದ್ದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಬಾಗಿಲಲ್ಲಿ ನಿಂತಿದ್ದ ಅಂಕಿತಾಳ ಕೈಗೆ ತಾನೇ ಕೊಟ್ಟಳು. ಆಮೇಲೆ ಮಂಜವ್ವನ ಕಡೆ ತಿರುಗಿ, ಗುಳಿಗೆಗಾಗಿ ಅಂಗೈ ಚಾಚಿದಳು.